ಪಿನಾಂಗ್‌ನ ಹಳೇ ಚರ್ಚ್ ಒಳಗೆ ನಾವೂ ಹೋಗಬಹುದಾ?

ಪ್ರಶ್ನೆ: ಮಲೇಷ್ಯಾ ಟೂರ್‌ನಲ್ಲಿ ಪಿನಾಂಗ್ ದ್ವೀಪಕ್ಕೂ ಹೋಗುತ್ತಿದ್ದೇವೆ. ಜಾರ್ಜ್ ಟೌನ್‌ನ ಸೇಂಟ್ ಜಾರ್ಜ್ ಚರ್ಚ್ ನೋಡಬೇಕು ಅಂತಿದೆ. ನಾವು ಕ್ರೈಸ್ತರಲ್ಲ. ಒಳಗೆ ಬಿಡ್ತಾರಾ? ಹೋದರೆ ನೋಡೋದಕ್ಕೆ ಏನಿದೆ?

ಉತ್ತರ: ಧಾರಾಳವಾಗಿ ಹೋಗಬಹುದು. ಬಾಗಿಲು ತೆರೆದಿದ್ದರೆ ಯಾವ ಧರ್ಮದವರಾದರೂ ಒಳಗೆ ಹೋಗಿ ಕೂರಬಹುದು, ಯಾರೂ ಏನೂ ಕೇಳುವುದಿಲ್ಲ. ಆದರೆ ಇದು ಮ್ಯೂಸಿಯಂ ಅಲ್ಲ. ಇವತ್ತಿಗೂ ಆಂಗ್ಲಿಕನ್ ಸಭೆಯವರು ಸೇರಿ ಆರಾಧನೆ ಮಾಡುವ ಜಾಗ. ಭಾನುವಾರ ಬೆಳಗ್ಗೆ ಕ್ಯಾಮೆರಾ ಹಿಡಿದು ಓಡಾಡುವುದು ಬೇಡ. ಸುಮ್ನೆ ನೋಡಿಕೊಂಡು ಬರುವುದಾದರೆ ವಾರದ ದಿನ ಹೋಗಿ. ಆರಾಧನೆಗೇ ಕೂರುವ ಮನಸ್ಸಿದ್ದರೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಎಲ್ಲರೂ ಎದ್ದಾಗ ಎದ್ದರೆ ಸಾಕು. ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಮಾತ್ರ ನಿಮ್ಮ ಜಾಗದಲ್ಲೇ ಇರಿ, ಅದು ದೀಕ್ಷಾಸ್ನಾನ ಪಡೆದವರಿಗೆ. ಚಪ್ಪಲಿ ಬಿಡಬೇಕಾಗಿಲ್ಲ. ಗಂಡಸರು ಟೋಪಿ ತೆಗೆಯಬೇಕು.

ನೋಡೋದಕ್ಕೆ ಏನಿದೆ ಅನ್ನೋದು ನಿಜವಾದ ಪ್ರಶ್ನೆ. ಗೋವಾದ ಚರ್ಚ್‌ಗಳಲ್ಲಿ ಚಿನ್ನದ ಲೇಪದ ಬಲಿಪೀಠ, ಚಿತ್ರ, ಮೂರ್ತಿ ನೋಡಿ ಬಂದವರಿಗೆ ಇಲ್ಲಿನ ಒಳಭಾಗ ತೀರಾ ಖಾಲಿ ಅನ್ನಿಸುತ್ತದೆ. ಬಿಳೀ ಗೋಡೆ, ಮರದ ಬೆಂಚು, ಒಳ್ಳೆಯ ಗಾಳಿ ಬೆಳಕು, ಅಷ್ಟೆ. ಆ ಬೆಂಚುಗಳೂ ಇನ್ನೂರು ವರ್ಷದವಲ್ಲ. 1941ರ ಡಿಸೆಂಬರ್‌ನಲ್ಲಿ ಜಪಾನೀಯರು ಪಿನಾಂಗ್ ಮೇಲೆ ಬಾಂಬ್ ಹಾಕಿದಾಗ ಕಟ್ಟಡಕ್ಕೆ ಪೆಟ್ಟಾಯಿತು, ಒಳಗಿದ್ದ ಸಾಮಾನೆಲ್ಲ ಲೂಟಿಯಾಯಿತು. ಮತ್ತೆ ಆರಾಧನೆ ಶುರುವಾಗಿದ್ದು 1948ರಲ್ಲಿ.

ಹಾಗಾಗಿ ಹೊರಗಿನಿಂದ ಶುರುಮಾಡಿ. ಫರ್ಕುಹಾರ್ ಬೀದಿಯ ಗೇಟಿನೊಳಗೆ ಹೋದರೆ ದೊಡ್ಡ ದೊಡ್ಡ ಮರಗಳ ನಡುವೆ ಹುಲ್ಲುಹಾಸು. ಎದುರಿಗೆ ಸಾಲಾಗಿ ದಪ್ಪ ಬಿಳಿ ಕಂಬಗಳು, ಅದರ ಮೇಲೆ ತ್ರಿಕೋನದ ಮುಖ, ಹಿಂದೆ ಎಂಟು ಮೂಲೆಯ ಚೂಪು ಗೋಪುರ. ಕಂಬಗಳ ಹತ್ತಿರ ಹೋಗಿ ನಿಂತು ನೋಡಿ. ಗ್ರೀಕ್ ದೇವಾಲಯಗಳಲ್ಲಿ ಕಲ್ಲಿನಲ್ಲಿ ಮಾಡಿದ್ದನ್ನು ಇಲ್ಲಿ ಇಟ್ಟಿಗೆ, ಗಾರೆಯಲ್ಲಿ ಮಾಡಿದ್ದಾರೆ. ಚಾವಣಿ ಮೊದಲು ತಾರಸಿಯ ಹಾಗೆ ಚಪ್ಪಟೆಯಾಗಿತ್ತು. ಆ ದ್ವೀಪದ ಮಳೆಗೆ ಅದು ಹೊಂದಲಿಲ್ಲ. 1864ರಲ್ಲಿ ತೆಗೆದು ಈಗಿರುವ ಇಳಿಜಾರು ಮಾಡು ಹಾಕಿದರು.

ಈ ಗಾರೆ ಕಲಸಿದವರು ಯಾರು ಗೊತ್ತಾ? ನಮ್ಮ ದೇಶದ ಕೈದಿಗಳು. ಚರ್ಚ್ ಕಟ್ಟಿದ್ದು ಕೈದಿಗಳ ದುಡಿಮೆಯಿಂದ. ಆ ಕಾಲಕ್ಕೆ ಪಿನಾಂಗ್ ಅಂದರೆ ಕರಿನೀರಿನ ಶಿಕ್ಷೆಯ ಊರು. 1796ರಲ್ಲಿ ಅಂಡಮಾನ್‌ನ ಮೊದಲ ಕೈದಿ ನೆಲೆ ಮುಚ್ಚಿದ ಮೇಲೆ ಅಲ್ಲಿದ್ದವರನ್ನು ಇಲ್ಲಿಗೇ ಸಾಗಿಸಿದ್ದರು. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ದಂಗೆಯೆದ್ದ ತಮಿಳು ನಾಡಿನ ಪಾಳೆಯಗಾರರನ್ನು 1802ರಲ್ಲಿ ಗಡೀಪಾರು ಮಾಡಿದ್ದೂ ಇಲ್ಲಿಗೇ. 1818ರಲ್ಲಿ ಚರ್ಚ್ ಕೆಲಸ ಮುಗಿಯಿತು. ಆಗ್ನೇಯ ಏಷ್ಯಾದಲ್ಲಿ ಆಂಗ್ಲಿಕನ್ ಚರ್ಚ್ ಅಂತಲೇ ಕಟ್ಟಿದ ಕಟ್ಟಡಗಳಲ್ಲಿ ಇದೇ ಅತಿ ಹಳೆಯದು. ಹುಲ್ಲುಹಾಸಿನ ಮೇಲೆ ಗುಮ್ಮಟದ ಒಂದು ಮಂಟಪ ಇದೆ. ಅದು 1786ರಲ್ಲಿ ದ್ವೀಪವನ್ನು ಕಂಪನಿಯ ಕೈಗೆ ತಂದ ಫ್ರಾನ್ಸಿಸ್ ಲೈಟ್ ನೆನಪಿಗೆ, ನೂರು ವರ್ಷವಾದಾಗ ಕಟ್ಟಿಸಿದ್ದು. ನನ್ನ ಮಟ್ಟಿಗೆ ಈ ಅಂಗಳದಲ್ಲಿ ನೆನೆಯಬೇಕಾದವರು ಆ ಕೈದಿಗಳು.

ನಕ್ಷೆಯ ಬೇರು ಕೂಡ ನಮ್ಮ ಕಡೆಯದೇ. ಇದನ್ನು ರೂಪಿಸಿದ್ದು ಬಂಗಾಳದ ಸೇನಾ ಇಂಜಿನಿಯರ್ ರಾಬರ್ಟ್ ಸ್ಮಿತ್. ಮುಂದೆ ದೆಹಲಿಯಲ್ಲಿ ಕುತುಬ್ ಮಿನಾರ್ ತುದಿಗೆ ಛತ್ರಿ ಅನ್ನುವ ಗುಮ್ಮಟದ ಪುಟ್ಟ ಮಂಟಪ ಕೂರಿಸಿ ಟೀಕೆಗೆ ಗುರಿಯಾದವನು ಇವನೇ. ಆ ಛತ್ರಿಯನ್ನು 1848ರಲ್ಲಿ ಕೆಳಗಿಳಿಸಿದರು, ಈಗಲೂ ಕುತುಬ್ ಆವರಣದಲ್ಲಿದೆ. ಪಿನಾಂಗ್‌ಗೆ ಅವನು ಮಾದರಿ ಮಾಡಿಕೊಂಡಿದ್ದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ ಅನ್ನು. ಅದನ್ನು 1816ರಲ್ಲಿ, ಇದನ್ನು 1819ರಲ್ಲಿ ಪ್ರತಿಷ್ಠೆ ಮಾಡಿದವರೂ ಒಬ್ಬರೇ, ಕಲ್ಕತ್ತಾದ ಬಿಷಪ್ ಮಿಡಲ್ಟನ್. ಮದ್ರಾಸಿನ ಆ ಕೆಥೆಡ್ರಲ್ ಕಟ್ಟುವ ಉಸ್ತುವಾರಿ ಹೊತ್ತವನು ಥಾಮಸ್ ಡಿ ಹ್ಯಾವಿಲೆಂಡ್. ಮೈಸೂರು ಕಡೆಯವರಿಗೆ ಈ ಹೆಸರು ಕೇಳಿದ ಹಾಗಿರಬಹುದು. ಕಾವೇರಿಗೆ ಇಟ್ಟಿಗೆ ಕಮಾನಿನ ಸೇತುವೆ ಕಟ್ಟಬಹುದು ಅಂತ ತೋರಿಸಲು ಶ್ರೀರಂಗಪಟ್ಟಣದಲ್ಲಿ ನೂರು ಅಡಿಗೂ ಜಾಸ್ತಿ ಅಗಲದ ಕಮಾನು ಕಟ್ಟಿದ್ದನಲ್ಲ, ಅವನೇ. ಆ ಕಮಾನು 1930ರ ದಶಕದಲ್ಲಿ ಕುಸಿಯಿತು, ಎರಡು ಬದಿಯ ಮೋಟುಗಳು ಉಳಿದಿವೆ.

ಚರ್ಚ್‌ಗೆ ಒಂದು ಗಂಟೆ ಸಾಕು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪಕ್ಕದ ಕಪಿತಾನ್ ಕೆಲಿಂಗ್ ಮಸೀದಿ ರಸ್ತೆಯಲ್ಲಿ ನಡೆದರೆ ಮೊದಲು ಚೀನೀಯರ ಕ್ವಾನ್ ಯಿನ್ ಗುಡಿ, ಆಮೇಲೆ 1833ರ ಮಹಾಮಾರಿಯಮ್ಮನ ಗುಡಿ, ಅದಾದ ಮೇಲೆ ತಮಿಳು ಮುಸ್ಲಿಮರು ಕಟ್ಟಿಸಿದ ಮಸೀದಿ. ಮಾರಿಯಮ್ಮನ ಗುಡಿಯ ಮುಂಬಾಗಿಲು ಹಿಂದಿನ ಕ್ವೀನ್ ಬೀದಿಯಲ್ಲಿದೆ, ತಿರುಗಿ ಬರಬೇಕು. ಗುಡಿ, ಮಸೀದಿ ಎರಡರಲ್ಲೂ ಚಪ್ಪಲಿ ಬಿಡಬೇಕು. ಇನ್ನೊಂದು ದಿಕ್ಕಿಗೆ ಹದಿನೈದು ನಿಮಿಷ ನಡೆದರೆ ಹಳೇ ಪ್ರಾಟೆಸ್ಟೆಂಟ್ ಸ್ಮಶಾನ ಸಿಗುತ್ತದೆ. ಫ್ರಾನ್ಸಿಸ್ ಲೈಟ್ ಗೋರಿ ಅಲ್ಲಿದೆ. ಈ ಚರ್ಚ್‌ಗಾಗಿ ದುಡಿದ, 1816ರಲ್ಲಿ ಪಿನಾಂಗ್ ಫ್ರೀ ಸ್ಕೂಲ್ ಶುರುಮಾಡಿದ ಪಾದ್ರಿ ಹಚಿಂಗ್ಸ್ ಗೋರಿಯೂ ಅಲ್ಲೇ.

ಬಿಸಿಲು ಸೆಕೆ ಎರಡೂ ನಮ್ಮ ಮಂಗಳೂರಿನ ಹಾಗೇ. ಬೆಳಗ್ಗೆಯೇ ಹೊರಡಿ, ಛತ್ರಿ ಮರೆಯಬೇಡಿ. ಬಾಗಿಲು ತೆರೆಯುವ ಹೊತ್ತು ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ.