ಬ್ಲ್ಯಾಕ್ ಸಾಕ್ಸ್ ಸಾಧನೆಯನ್ನು ಒಲಿಂಪಿಕ್ಸ್ ಪಟ್ಟಿಯಲ್ಲಿ ಹುಡುಕಬೇಡಿ

ಬೇಸ್‌ಬಾಲ್‌ನಂಥ ಆಟವಾದ ಸಾಫ್ಟ್‌ಬಾಲ್ ಕಲಿಯುವ ಹುಡುಗರಿಗೆ ನ್ಯೂಜಿಲೆಂಡಿನ ಪುರುಷರ ತಂಡವಾದ ಬ್ಲ್ಯಾಕ್ ಸಾಕ್ಸ್ ಅನ್ನು ಮಾದರಿಯಾಗಿ ತೋರಿಸಿದಾಗಲೆಲ್ಲ ಪೋಷಕರಿಂದ ಬರುವುದು ಒಂದೇ ಪ್ರಶ್ನೆ: ಆ ತಂಡ ಒಲಿಂಪಿಕ್ಸ್‌ನಲ್ಲಿ ಎಷ್ಟು ಪದಕ ಗೆದ್ದಿದೆ? ಒಂದನ್ನೂ ಗೆದ್ದಿಲ್ಲ, ಗೆಲ್ಲುವ ಅವಕಾಶವೂ ಅದಕ್ಕೆ ಇರಲಿಲ್ಲ. 1996ರ ಅಟ್ಲಾಂಟಾದಿಂದ 2008ರ ಬೀಜಿಂಗ್‌ವರೆಗೆ, ಆ ಬಳಿಕ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಸಾಫ್ಟ್‌ಬಾಲ್ ಪದಕಕ್ಕಾಗಿ ಆಡಿದವರು ಮಹಿಳೆಯರು ಮಾತ್ರ. ಇಷ್ಟನ್ನು ಬಿಡಿಸಿ ಹೇಳಿದ ಮೇಲೂ ‘ಹಾಗಾದರೆ ಅರ್ಹತೆ ಸಿಗಲಿಲ್ಲವೇ ಸರ್?’ ಎಂಬ ಮರುಪ್ರಶ್ನೆ ಬರುತ್ತದೆ. ಸ್ಪರ್ಧೆಯೇ ಇಲ್ಲದ ಕಡೆ ಅರ್ಹತೆಯ ಮಾತು ಏಳುವುದಿಲ್ಲ. ಮಗನ ಮುಂದಿನ ದಾರಿಯ ಚಿಂತೆಯಿಂದಲೇ ಅವರು ಹೀಗೆ ಕೇಳುತ್ತಾರೆಂದು ಬಲ್ಲೆ; ಆದರೂ ಒಂದು ದೊಡ್ಡ ತಂಡವನ್ನು ಅದು ಆಡದ ಕೂಟದ ಪಟ್ಟಿಯಿಂದ ಅಳೆಯುವುದು ನ್ಯಾಯವಲ್ಲ.

ಪುರುಷರ ತಂಡಗಳ ನಿಜವಾದ ಅಳತೆಗೋಲು 1966ರಲ್ಲಿ ಮೆಕ್ಸಿಕೊ ನಗರದಲ್ಲಿ ಆರಂಭವಾದ ವಿಶ್ವ ಚಾಂಪಿಯನ್‌ಷಿಪ್. ಮೊದಲ ಎರಡು ಪ್ರಶಸ್ತಿಗಳು ಅಮೆರಿಕದ ಪಾಲಾದವು. ನ್ಯೂಜಿಲೆಂಡ್ 1976, 1984, 1996, 2000, 2004, 2013 ಮತ್ತು 2017ರಲ್ಲಿ ಹೀಗೆ ಏಳು ಸಲ ವಿಶ್ವ ಚಾಂಪಿಯನ್ ಆಗಿದೆ. ಇಲ್ಲಿ ಒಂದು ಎಚ್ಚರ ಬೇಕು. 1976ರಲ್ಲಿ ಲೋಯರ್ ಹಟ್‌ನಲ್ಲಿ ಮಳೆಯಿಂದಾಗಿ ಫೈನಲ್ ನಡೆಯದೆ ಕೆನಡಾ, ನ್ಯೂಜಿಲೆಂಡ್ ಮತ್ತು ಅಮೆರಿಕ ಪ್ರಶಸ್ತಿಯನ್ನು ಹಂಚಿಕೊಂಡವು. ಆದ್ದರಿಂದ ಏಳರಲ್ಲಿ ಒಂದು ಜಂಟಿ ಪ್ರಶಸ್ತಿ ಎಂದು ಸೇರಿಸಿ ಹೇಳುವುದೇ ಸರಿ.

ಅಷ್ಟು ಚಿಕ್ಕ ದೇಶಕ್ಕೆ ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಒಂದೇ ಕಾರಣವನ್ನು ಕೊಡಲಾಗದು. ಆದರೆ ಪುರುಷರ ಸಾಫ್ಟ್‌ಬಾಲ್‌ನಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು, ನಿಲ್ಲುವುದು ಬ್ಯಾಟರ್‌ನಿಂದ ಕೇವಲ 46 ಅಡಿ ದೂರದಲ್ಲಿ. ತೋಳನ್ನು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಬಿಟ್ಟ ವೇಗದ ಚೆಂಡು ಅರ್ಧ ಸೆಕೆಂಡಿಗೂ ಮೊದಲೇ ಬ್ಯಾಟರ್‌ನನ್ನು ತಲುಪುತ್ತದೆ. ಹಾಗಾಗಿ ಇಬ್ಬರು ಮೂವರು ಉತ್ತಮ ಪಿಚರ್‌ಗಳನ್ನೂ, ಬ್ಯಾಟರ್ ಹಿಂದೆ ಕುಳಿತು ಅವರ ಚೆಂಡು ಹಿಡಿಯುವ, ಅವರನ್ನು ಅರಿತ ಒಬ್ಬ ಕ್ಯಾಚರ್‌ನನ್ನೂ ಬೆಳೆಸಿಕೊಂಡ ತಂಡ ದೊಡ್ಡ ದೇಶಗಳನ್ನೂ ಕಟ್ಟಿಹಾಕಬಲ್ಲದು. ಕ್ಯಾಚರ್ ಆಗಿ ವಿಶ್ವ ಪ್ರಶಸ್ತಿಗಳನ್ನು ಗೆದ್ದ ಮಾರ್ಕ್ ಸೊರೆನ್ಸನ್ ಅವರೇ 2017ರಲ್ಲಿ ಕೆನಡಾದ ವೈಟ್‌ಹಾರ್ಸ್‌ನಲ್ಲಿ ಚಾಂಪಿಯನ್ ತಂಡದ ತರಬೇತುದಾರರಾಗಿದ್ದರು. ಆಡಿದವರ ಅನುಭವ ಮುಂದಿನವರ ಕೈಗೆ ಹೀಗೆ ದಾಟುವುದನ್ನು ಕಂಡಾಗ ನನಗೆ ಆ ತಂಡದ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ.

ಸೋಲುಗಳನ್ನೂ ಓದಬೇಕು. ಕೆನಡಾದ ಸಸ್ಕಟೂನ್‌ನಲ್ಲಿ ನಡೆದ ಎರಡು ಫೈನಲ್‌ಗಳಲ್ಲಿ, ಅಂದರೆ 2009ರಲ್ಲಿ ಆಸ್ಟ್ರೇಲಿಯಾಕ್ಕೂ 2015ರಲ್ಲಿ ಕೆನಡಾಕ್ಕೂ, ನ್ಯೂಜಿಲೆಂಡ್ ಸೋತಿತು. 2019ರಲ್ಲಿ ನ್ಯೂಜಿಲೆಂಡ್ ಇಲ್ಲದ ಪ್ರಾಗ್‌ನ ಫೈನಲ್ ಸಾಮಾನ್ಯ ಏಳು ಇನ್ನಿಂಗ್ಸ್ ದಾಟಿ ಹತ್ತನೆಯದರವರೆಗೆ ಬೆಳೆದು ಅರ್ಜೆಂಟೀನಾ ಜಪಾನ್ ತಂಡವನ್ನು 3–2ರಿಂದ ಮಣಿಸಿತು. 2022ರಲ್ಲಿ ಆಕ್ಲೆಂಡ್‌ನಲ್ಲಿ, ತನ್ನದೇ ನೆಲದಲ್ಲಿ, ನ್ಯೂಜಿಲೆಂಡ್ ಫೈನಲ್ ತಲುಪಲಿಲ್ಲ. ಅಂದು ಕೆನಡಾವನ್ನು ಸೋಲಿಸಿ ಗೆದ್ದದ್ದು ಆಸ್ಟ್ರೇಲಿಯಾ.