ಮೂವತ್ತೆರಡು ಅಂದರೆ 302 ಯಾಕಲ್ಲ?

ಚಿಕ್ಕೋಡಿ ಕಡೆಯ ಒಂದು ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ನನ್ನ ಅಕ್ಕ ನಲಿ-ಕಲಿ ತರಗತಿ ನಡೆಸುತ್ತಾಳೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಎಲ್ಲರಿಗೂ ಅವಳು ‘ಅಕ್ಕೋರು’. ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಎರಡು ದಿನ ಸುಮ್ನೆ ಆ ಕೋಣೆಯ ಮೂಲೆಯಲ್ಲಿ ಕೂತಿದ್ದೆ.

ಮೊದಲ ದಿನ ಅಕ್ಕ ‘ಮೂವತ್ತೆರಡು ಬರೀರಿ’ ಅಂದಳು. ಎರಡನೇ ತರಗತಿಯ ಹುಡುಗಿಯೊಬ್ಬಳು ಪಾಟಿಯನ್ನು ಎದೆಗೆ ಅವಚಿಕೊಂಡು ಬಂದಳು. ತಿರುಗಿಸಿದರೆ 302 ಅಂತ ಬರೆದಿತ್ತು.

ನಾನಾಗಿದ್ದರೆ ಒರೆಸಿ, 32 ಅಂತ ಬರೆದುಕೊಟ್ಟು ಕಳಿಸುತ್ತಿದ್ದೆ. ಅಕ್ಕ ಹಾಗೆ ಮಾಡಲಿಲ್ಲ. ‘ಹೆಂಗ ಬರದಿ, ಹೇಳವಾ’ ಅಂತ ಕೇಳಿದಳು.

‘ಮೊದಲ ಮೂವತ್ತ ಬರದೆ ರೀ. ಆಮ್ಯಾಲೆ ಎರಡ ಬರದೆ.’

ಸರಿಯಾಗೇ ಇದೆ ಅಲ್ವಾ? 30 ಬರೆದು ಪಕ್ಕದಲ್ಲಿ 2 ಇಟ್ಟಿದ್ದಾಳೆ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದಿದ್ದಾಳೆ. ಈ ತಪ್ಪು ಅವಳೊಬ್ಬಳದಲ್ಲ. ಬೇರೆ ಬೇರೆ ದೇಶದ, ಬೇರೆ ಬೇರೆ ಭಾಷೆಯ ಮಕ್ಕಳು ಈ ವಯಸ್ಸಿನಲ್ಲಿ ಇದನ್ನೇ ಮಾಡುತ್ತಾರೆ. ಮಾತಿನಲ್ಲಿ ಹತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಅದರದರ ಹೆಸರಿದೆ. ಬರವಣಿಗೆಯಲ್ಲಿ ಹೆಸರೇ ಇಲ್ಲ, ಕೂತ ಜಾಗವೇ ಬೆಲೆ. ಮೂರು ಅನ್ನುವ ಅದೇ ಗೀಟು ಒಂದು ಮನೆ ಎಡಕ್ಕೆ ಸರಿದರೆ ಮೂವತ್ತಾಗುತ್ತದೆ. ಇದು ಯಾರಾದರೂ ಹೇಳಿಕೊಡದೆ ತಾನಾಗಿ ಹೊಳೆಯುವ ವಿಷಯವಲ್ಲ. ದೊಡ್ಡ ದೊಡ್ಡ ಸೇತುವೆ ಕಟ್ಟಿದ ರೋಮನ್ನರಿಗೇ ಹೊಳೆದಿರಲಿಲ್ಲ.

ಅಕ್ಕ ಪೆಟ್ಟಿಗೆಯಿಂದ ಆಟದ ನೋಟು ತೆಗೆದು ‘ನನಗ ಮೂವತ್ತೆರಡು ರೂಪಾಯಿ ಕೊಡು’ ಅಂದಳು. ಹುಡುಗಿ ಹತ್ತರ ಮೂರು ನೋಟು, ಒಂದರ ಎರಡು ನಾಣ್ಯ ಎತ್ತಿಟ್ಟಳು. ಒಂದು ಕ್ಷಣವೂ ತಡವರಿಸಲಿಲ್ಲ. ಅವಳ ಮನೆಯವರು ಸಂತೆಯಲ್ಲಿ ಕಾಯಿಪಲ್ಯೆ ಮಾರುತ್ತಾರೆ. ಮೂವತ್ತೆರಡು ಎಷ್ಟು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಅದನ್ನು ಬರೆಯುವ ಪದ್ಧತಿ.

ಸಂತೆಯ ಲೆಕ್ಕ ಮತ್ತು ಪಾಟಿಯ ಲೆಕ್ಕದ ನಡುವಿನ ಈ ಅಂತರವನ್ನು ಅಳೆದು ನೋಡಿದವರಿದ್ದಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಲೆಕ್ಕವನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಮಕ್ಕಳು ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಮಾಡಿ ಮುಗಿಸುತ್ತಿದ್ದರು. ಶಾಲೆಯ ಪುಸ್ತಕದಲ್ಲಿರುವಂಥ ಲೆಕ್ಕ ಕೊಟ್ಟರೆ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಇನ್ನೊಂದು ಕಡೆ, ವ್ಯಾಪಾರದ ಅಭ್ಯಾಸವಿಲ್ಲದ ಶಾಲಾ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಮುಂದಿದ್ದು ಸಂತೆಯ ಲೆಕ್ಕದಲ್ಲಿ ಎಡವಿದರು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಲೆಕ್ಕ ತಾನಾಗಿ ದಾಟುವುದಿಲ್ಲ. ಯಾರಾದರೂ ಕೈಹಿಡಿದು ದಾಟಿಸಬೇಕು. ಅಕ್ಕನ ಆಟದ ನೋಟು ಮಾಡುತ್ತಿದ್ದದ್ದು ಅದನ್ನೇ.

ನೋಟು ಆದಮೇಲೆ ಕಡ್ಡಿ. ಕಸಬರಿಗೆ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ, ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿದ್ದಾರೆ. ಮೂರು ಕಟ್ಟು ಎಡಕ್ಕೆ, ಎರಡು ಬಿಡಿ ಬಲಕ್ಕೆ. ಕಟ್ಟು ಎಷ್ಟಿವೆಯೋ ಅಷ್ಟನ್ನು ಮಾತ್ರ ಬರೆಯಬೇಕು. ‘ಹಂಗಾರ ಸೊನ್ನಿ ಎಲ್ಲಿ ಹೋತ್ರಿ?’ ಅಂತ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಬಿಡಿ ಕಡ್ಡಿ ಒಂದೂ ಇಲ್ಲದಿದ್ದಾಗ ಮಾತ್ರ ಆ ಜಾಗ ಕಾಯಲು ಸೊನ್ನೆ ಬರುತ್ತದೆ. ಎರಡು ಬಂದು ಕೂತರೆ ಸೊನ್ನೆ ಎದ್ದು ಹೋಗಬೇಕು, ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿಟ್ಟ ಹಾಗೆ.

ಅದೇ ಕಾಂಪೌಂಡಿನಲ್ಲಿ ಮರಾಠಿ ಶಾಲೆಯೂ ಇದೆ. ಬೆಳಗಾವಿಯ ಗಡಿ ಭಾಗದಲ್ಲಿ ಇದು ಹೊಸದಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಎರಡೂ ಕಡೆಯ ಮಕ್ಕಳು ಒಂದೇ ನಲ್ಲಿಗೆ ಮುಗಿಬೀಳುತ್ತಾರೆ. ಆದರೆ ಲೆಕ್ಕದ ತರಗತಿಯಲ್ಲಿ ಇವರ ಕಷ್ಟವೇ ಬೇರೆ, ಅವರ ಕಷ್ಟವೇ ಬೇರೆ.

ಕನ್ನಡದಲ್ಲಿ ಇಪ್ಪತ್ತು ಗೊತ್ತಿದ್ದು, ಒಂದರಿಂದ ಒಂಬತ್ತು ಗೊತ್ತಿದ್ದರೆ ಇಪ್ಪತ್ತೊಂಬತ್ತರವರೆಗೆ ಮಗು ತಾನೇ ಕಟ್ಟಿಕೊಂಡು ಹೋಗಬಹುದು. ಮರಾಠಿಯಲ್ಲಿ 27 ಅಂದರೆ ‘ಸತ್ತಾವೀಸ’. ಏಳು ಮೊದಲು, ಇಪ್ಪತ್ತು ಆಮೇಲೆ. ಬರೆಯುವಾಗ ಮಾತ್ರ ಎರಡು ಮೊದಲು, ಏಳು ಆಮೇಲೆ. 29 ಬಂದರೆ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಇಪ್ಪತ್ತರ ಸುದ್ದಿಯೇ ಇಲ್ಲ. ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ತ್ರೇಸಷ್ಟ’ (63) ಎಂಬುದರ ಜೊತೆಗೆ ‘ಸಾಠ ತೀನ’, ಅಂದರೆ ಅರವತ್ತು ಮೂರು, ಅಂತ ಹೇಳುವ ಪದ್ಧತಿ ತಂದಾಗ ದೊಡ್ಡ ಗದ್ದಲವೇ ಆಯಿತು. ಭಾಷೆ ಕೆಡಿಸುತ್ತಿದ್ದೀರಿ ಅಂತ ಜನ ಸಿಟ್ಟಾದರು. ಮಕ್ಕಳಿಗೆ ಸುಲಭವಾಗಲಿ ಅಂತ ಮಾಡಿದ್ದು ಎಂದು ಗಣಿತಜ್ಞೆ ಮಂಗಳಾ ನಾರ್ಳೀಕರ್ ಸಮರ್ಥಿಸಿಕೊಂಡರು. ಎರಡೂ ಕಡೆಯವರ ಮಾತು ನನಗೆ ಅರ್ಥವಾಗುತ್ತದೆ. ಏಳು ವರ್ಷದ ಮಗುವನ್ನು ಕೇಳಿದ್ದರೆ ಅದು ಯಾವ ಕಡೆ ನಿಲ್ಲುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹೆಸರಿನಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದಾ? ಆಗುತ್ತದೆ. ಚೀನಿ ಭಾಷೆಯಲ್ಲಿ ಹನ್ನೊಂದಕ್ಕೆ ‘ಹತ್ತು-ಒಂದು’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಇಲೆವನ್’, ‘ಟ್ವೆಲ್ವ್’. ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ಚೀನಾ ಮತ್ತು ಅಮೆರಿಕದ ಪುಟ್ಟ ಮಕ್ಕಳ ಎಣಿಕೆಯನ್ನು ಹೋಲಿಸಿದರು. ಹತ್ತರವರೆಗೆ ಇಬ್ಬರದೂ ಒಂದೇ ನಡಿಗೆ. ಹತ್ತು ದಾಟಿದ ಕೂಡಲೇ ಅಮೆರಿಕದ ಮಕ್ಕಳು ಹಿಂದೆ ಬಿದ್ದರು. ಕನ್ನಡದಲ್ಲೂ ಎಲ್ಲವೂ ನೇರ ಅಂತೇನಿಲ್ಲ. ಅಕ್ಕನ ತರಗತಿಯಲ್ಲಿ ಒಬ್ಬ ‘ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು’ ಅಂತ ಎಣಿಸಿ ಗೆದ್ದವನ ಹಾಗೆ ನಮ್ಮ ಕಡೆ ನೋಡಿದ. ಬರೀ ಕಂಠಪಾಠ ಮಾಡಿದವನ ಬಾಯಲ್ಲಿ ಇಪ್ಪತ್ತಹತ್ತು ಬರುವುದಿಲ್ಲ. ಆ ಪದವನ್ನು ಅವನಿಗೆ ಯಾರೂ ಕಲಿಸಿಲ್ಲ, ಅವನೇ ಮಾಡಿಕೊಂಡಿದ್ದಾನೆ.

ಒಂದನೇ ತರಗತಿಯ ಪುಟಾಣಿಗಳ ಕೆಲಸ ಇದಕ್ಕಿಂತ ಹಿಂದಿನದು. ಹುಣಸೆ ಬೀಜ ಮುಂದಿಟ್ಟುಕೊಂಡು ಒಬ್ಬಳು ಏಳರವರೆಗೆ ಎಣಿಸಿದಳು. ‘ಒಟ್ಟು ಎಷ್ಟು ಅದಾವು?’ ಅಂದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಅನ್ನುವುದು ಅವಳಿಗೆ ಇನ್ನೂ ಹೊಳೆದಿಲ್ಲ. ರೋಶೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟಲ್ 1978ರಲ್ಲಿ ಎಣಿಕೆಯ ಹಿಂದಿರುವ ಐದು ನಿಯಮಗಳನ್ನು ಬಿಡಿಸಿ ತೋರಿಸಿದ್ದರು. ಇದು ಅದರಲ್ಲೊಂದು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಯಾವ ತುದಿಯಿಂದ ಎಣಿಸಿದರೂ ಉತ್ತರ ಅದೇ, ಇಂಥವೂ ಅದರಲ್ಲಿವೆ. ನಮಗೆ ಇವು ನಿಯಮ ಅಂತ ಅನ್ನಿಸುವುದೇ ಇಲ್ಲ. ಅಷ್ಟು ಹಿಂದೆಯೇ ಕಲಿತು ಮರೆತುಬಿಟ್ಟಿದ್ದೇವೆ.

ಓದು-ಬರಹಕ್ಕೆ ಬರೋಣ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅಕ್ಷರಗಳು ಅ ಆ ಇ ಈ ಅಂತ ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ನಮ್ಮ ಅವ್ವನಿಗೆ ಇದು ಇವತ್ತಿಗೂ ಸಮಾಧಾನವಿಲ್ಲ. ಆದರೆ ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಆಗುತ್ತವೆ. ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ಮಗು ಒಂದು ಇಡೀ ಪದವನ್ನು ತಾನೇ ಓದುತ್ತದೆ. ಅ ಆ ಇ ಈ ಹಾದಿಯಲ್ಲಿ ಹೋದರೆ ಸ್ವರಗಳನ್ನೆಲ್ಲ ದಾಟಿ ‘ಕ’ ಬರುವವರೆಗೆ, ‘ಆ’, ‘ಈ’ಯಂಥವನ್ನು ಬಿಟ್ಟರೆ, ಓದಲು ಪದವೇ ಸಿಗುವುದಿಲ್ಲ.

ಕನ್ನಡದ ಒಂದು ಅಕ್ಷರ ಅಂದರೆ ಒಂದು ತುಂಡು ಉಚ್ಚಾರ. ಚ-ಪಾ-ತಿ ಅಂತ ಚಪ್ಪಾಳೆ ತಟ್ಟಿ ಒಡೆಯುವುದು ಐದು ವರ್ಷದ ಮಗುವಿಗೂ ಸಲೀಸು. ಈ ಮಟ್ಟಿಗೆ ನಮ್ಮ ಲಿಪಿ ಮಗುವಿನ ಕಿವಿಗೆ ಹತ್ತಿರ. ಕಷ್ಟ ಇರುವುದು ಅಕ್ಷರಗಳ ಸಂಖ್ಯೆಯಲ್ಲಿ. ವರ್ಣಮಾಲೆಯ 49 ಅಕ್ಷರ ಮುಗಿದರೂ ಕಾಗುಣಿತ ಬಾಕಿ. 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೆ 442 ರೂಪ. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಕೆ ನಡೆದೇ ಇರುವುದು ಕಂಡಿತು. ಹಾಗಾಗಿ ಎರಡನೇ ತರಗತಿಯ ಮಗುವಿಗೆ ‘ಇನ್ನೂ ಓದಾಕ ಬರಂಗಿಲ್ಲ’ ಅಂತ ಗದರುವ ಮುಂಚೆ ಸ್ವಲ್ಪ ತಾಳಿ.

442 ಆಕಾರಗಳನ್ನು ಯಾರೂ ಒಂದೊಂದಾಗಿ ನೆನಪಿಡುವುದಿಲ್ಲ. ತಲಕಟ್ಟು, ಇಳಿ, ಗುಡಿಸು, ಕೊಂಬು, ಹೀಗೆ ಗುರುತುಗಳ ಗುಟ್ಟು ಸಿಕ್ಕರೆ ಮುಗಿಯಿತು. ಕ-ಕಾ-ಕಿ-ಕೀ ಹಾಡುವುದನ್ನು ಈಗ ಕೆಲವರು ಬರೀ ಗಿಳಿಪಾಠ ಅಂತ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ‘ಕ್’ ಬೇರೆ, ‘ಅ’ ಬೇರೆ ಅನ್ನುವುದು ಮಗುವಿನ ಕಿವಿಗೆ ಸುಲಭಕ್ಕೆ ಸಿಗುವುದಿಲ್ಲ. ಕ-ಕಾ-ಕಿ ಅಂತ ಹಾಡುವಾಗ ಮೊದಲ ತುಂಡು ಹಾಗೇ ಇದ್ದು ಬಾಲ ಬದಲಾಗುವುದು ನಾಲಿಗೆಗೇ ಗೊತ್ತಾಗುತ್ತದೆ. ತೊಂದರೆ ಬೇರೆ ಕಡೆ ಇದೆ. ‘ಕೋ’ ಯಾವುದು ತೋರಿಸು ಅಂದರೆ ಮಗು ಕ-ದಿಂದ ಶುರು ಮಾಡಿ, ಬೆರಳಿಟ್ಟುಕೊಂಡು ಬಂದು ‘ಕೋ’ ಮುಟ್ಟುತ್ತದೆ. ಏಳಾರ್ಲೆ ಎಷ್ಟು ಅಂದರೆ ಏಳೊಂದ್ಲೆ ಏಳರಿಂದ ಹತ್ತಿ ಬಂದ ಹಾಗೆ. ಅದಕ್ಕೇ ಅಕ್ಕ ಕಾಗುಣಿತದ ಕಾರ್ಡುಗಳನ್ನು ಇಸ್ಪೀಟಿನ ಎಲೆಯ ಹಾಗೆ ಕಲಸಿ ಹಂಚುತ್ತಾಳೆ.

ಇನ್ನು ಅರ್ಕಾವತ್ತು. ‘ಸೂರ್ಯ’ದಲ್ಲಿ ‘ರ್’ ಕಿವಿಗೆ ಮೊದಲು ಬೀಳುತ್ತದೆ, ‘ಯ’ ಆಮೇಲೆ. ಪಾಟಿಯ ಮೇಲೆ ‘ರ್’ ಗುರುತು ‘ಯ’ ಆದಮೇಲೆ ಕೂತಿರುತ್ತದೆ. ಅದು ನೋಡಲು ಕನ್ನಡದ ೯ರ ಹಾಗೇ ಬೇರೆ ಇದೆ. ಒಬ್ಬ ‘ಸೂಯ ಒಂಬತ್ತು’ ಅಂತ ಓದಿದನಂತೆ!

ಮಕ್ಕಳು 3, 7ನ್ನು ಉಲ್ಟಾ ಬರೆಯುವುದಕ್ಕೂ ಕಾರಣವಿದೆ. ಓದುವುದಕ್ಕೆಂದೇ ಹುಟ್ಟಿದ ಜಾಗ ಮಿದುಳಿನಲ್ಲಿಲ್ಲ. ಮುಖ, ವಸ್ತು ಗುರುತಿಸುತ್ತಿದ್ದ ಎಡಭಾಗದ ಒಂದು ತುಣುಕು ಅಕ್ಷರಕ್ಕೆ ಒಗ್ಗಿಕೊಳ್ಳುತ್ತದೆ ಅನ್ನುತ್ತಾರೆ ಫ್ರಾನ್ಸಿನ ನರವಿಜ್ಞಾನಿ ಸ್ತಾನಿಸ್ಲಾಸ್ ದೆಹಾನ್. ಆಕಳು ಎಡಕ್ಕೆ ಮುಖ ಮಾಡಿದರೂ ಆಕಳೇ, ಬಲಕ್ಕೆ ಮಾಡಿದರೂ ಆಕಳೇ. ಕಣ್ಣು ಅಷ್ಟು ವರ್ಷ ಕಲಿತ ಈ ಪಾಠವನ್ನು ಅಕ್ಷರದ ಮಟ್ಟಿಗೆ ಮರೆಯಬೇಕು. ಕೈ ಇದಕ್ಕೆ ನೆರವಾಗುತ್ತದೆ. ಓದು ಬಾರದ ಐದು ವರ್ಷದ ಮಕ್ಕಳು ಅಕ್ಷರವನ್ನು ಕೈಯಾರೆ ಬರೆದು ಕಲಿತಾಗ, ಓದುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಎಚ್ಚರಗೊಂಡವು, ಕೀಬೋರ್ಡ್ ಒತ್ತಿ ಕಲಿತಾಗ ಹಾಗಾಗಲಿಲ್ಲ ಎಂದು ಕ್ಯಾರಿನ್ ಜೇಮ್ಸ್ 2012ರಲ್ಲಿ ತೋರಿಸಿದರು. ಪಾಟಿ-ಬಳಪ ಹಳೇ ಕಾಲದ್ದು ಅಂತ ಮೂಲೆಗೆ ಹಾಕುವ ಅವಸರ ಬೇಡ.

ಎರಡನೇ ದಿನ ಮನೆಯ ಚಿತ್ರ ತೋರಿಸಿ ಬರೆಯಲು ಹೇಳಿದಾಗ ಅದೇ 302ರ ಹುಡುಗಿ ‘ಮನಿ’ ಅಂತ ಬರೆದಳು. ಎತ್ವ ಬರಬೇಕಾದ ಕಡೆ ಗುಡಿಸು. ಆದರೆ ನಮ್ಮ ಕಡೆ ಯಾರು ಮನೆ ಅಂತಾರೆ? ಮನಿ, ಸಾಲಿ, ತಲಿ, ಎಲಿ. ಅವಳು ಪದವನ್ನು ಎರಡು ತುಂಡು ಮಾಡಿದ್ದಾಳೆ, ಎರಡನೆಯದರ ಬಾಲದಲ್ಲಿ ‘ಇ’ ಕೇಳಿಸಿಕೊಂಡಿದ್ದಾಳೆ, ಅದಕ್ಕೆ ತಕ್ಕ ಗುರುತನ್ನೇ ಹುಡುಕಿ ಹಚ್ಚಿದ್ದಾಳೆ. ಪಕ್ಕದವಳು ‘ಮನೆ’ ಅಂತ ಸರಿಯಾಗಿ ಬರೆದಿದ್ದಳು, ಗೋಡೆಯ ಚಾರ್ಟ್ ನೋಡಿಕೊಂಡು. ಇಬ್ಬರಲ್ಲಿ ಬರವಣಿಗೆಯ ಗುಟ್ಟು ಯಾರಿಗೆ ಸಿಕ್ಕಿದೆ ಅಂತ ಅಕ್ಕ ನನ್ನನ್ನು ಕೇಳಿದಳು. ಆಮೇಲೆ ಹುಡುಗಿಯ ‘ಮನಿ’ಯನ್ನು ಒರೆಸದೆ, ಕೆಳಗೆ ‘ಮನೆ’ ಅಂತ ಬರೆದು ‘ಪುಸ್ತಕದಾಗ ಹಿಂಗ ಬರೀತಾರ’ ಅಂತ ಹೇಳಿ ಕಳಿಸಿದಳು.

ಮಧ್ಯಾಹ್ನ ಮತ್ತೆ ಲೆಕ್ಕ. 32, 47, 86 ಎಲ್ಲ ಆ ಹುಡುಗಿ ಸರಿಯಾಗಿ ಬರೆದಳು. ಅಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ‘ನೂರಾ ಐದು’ ಅಂದಳು. ಪಾಟಿ ತಿರುಗಿತು. 1005.

ಅಕ್ಕ ಕಡ್ಡಿಯ ಡಬ್ಬಿ ಎಳೆದುಕೊಂಡು ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಕಟ್ಟು ಮಾಡಲು ಹೊರಟಳು. ರಬ್ಬರ್ ಬ್ಯಾಂಡ್ ಸಾಲಲಿಲ್ಲ, ಪಟ್ಟಂತ ಹರಿಯಿತು. ಹುಡುಗಿ ಜಡೆಯ ರಿಬ್ಬನ್ ಬಿಚ್ಚಿ ಕೊಟ್ಟಳು.