ಸಿಎಸ್‌ಆರ್: ದುಡ್ಡು ಕಂಪನಿಯದು, ಮನಸ್ಸು ಯಾರದು?

ಹಳ್ಳಿ ಶಾಲೆಯೊಂದರ ಜಗಲಿಯಲ್ಲಿ ಕುಡಿಯುವ ನೀರಿನ ಫಿಲ್ಟರ್ ನೋಡಿದ್ದೆ. ಮೇಲೆ ಕಂಪನಿಯ ಹೆಸರು, ಕೆಳಗೆ ‘ಸಿಎಸ್‌ಆರ್ ಅನುದಾನದಲ್ಲಿ’ ಎಂಬ ಸಾಲು. ಬೋರ್ಡು ಹೊಳೆಯುತ್ತಿತ್ತು, ನಲ್ಲಿ ಒಣಗಿತ್ತು. ಕೂರಿಸಿ ಹೋದವರು ಮತ್ತೆ ಬಂದಿರಲಿಲ್ಲ. ಮಕ್ಕಳು ಮನೆಯಿಂದಲೇ ಬಾಟಲಿ ತರುತ್ತಿದ್ದರು.

ಸಿಎಸ್‌ಆರ್ ಎಂದರೆ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ. ಕಂಪನಿಯೊಂದು ತನ್ನ ಸುತ್ತಲಿನ ಜನ, ನೆಲ, ನೀರಿನ ಬಗ್ಗೆ ಹೊರಬೇಕಾದ ಜವಾಬ್ದಾರಿ. ನಮ್ಮ ದೇಶದಲ್ಲಿ ಇದು ಕಾನೂನು ಕೂಡ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ: ಇವುಗಳಲ್ಲಿ ಒಂದನ್ನು ಮುಟ್ಟಿದರೂ ಸಾಕು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕು.

ಎಷ್ಟು ಅನ್ನೋದನ್ನು ಕಾನೂನು ಹೇಳಿತು. ಯಾವುದಕ್ಕೆ, ಹೇಗೆ? ಕಾಗದದ ಮೇಲೆ ಅದು ನಿರ್ದೇಶಕ ಮಂಡಳಿಯ ಕೆಲಸ. ಆದರೆ ಸಿಇಒ ಮನಸ್ಸು ಎತ್ತ ವಾಲುತ್ತದೋ ಕಂಪನಿಯೂ ಅತ್ತಲೇ ವಾಲುತ್ತದೆ. ಮಾರ್ಚ್ ಮುಗಿಯುವುದರೊಳಗೆ ದುಡ್ಡು ಖಾಲಿ ಮಾಡಿ ಎನ್ನುವವರಿದ್ದರೆ ಬೋರ್ಡು ಏಳುತ್ತದೆ. ನಲ್ಲಿಯಲ್ಲಿ ನೀರು ಬರ್ತಿದೆಯಾ ಎಂದು ಮುಂದಿನ ವರ್ಷವೂ ಕೇಳುವವರಿದ್ದರೆ ನೀರು ಬರುತ್ತದೆ.

ಇದಕ್ಕೂ ಕಂಪನಿಯ ಮೌಲ್ಯಕ್ಕೂ, ಅಂದರೆ ಷೇರುಪೇಟೆ ಅದಕ್ಕೆ ಕಟ್ಟುವ ಬೆಲೆಗೂ, ಏನು ನಂಟು? ಲೈಫ್‌ಬಾಯ್, ಸರ್ಫ್ ಮಾಡುವ ಯೂನಿಲಿವರ್‌ಗೆ 2009ರಲ್ಲಿ ಪಾಲ್ ಪೋಲ್ಮನ್ ಸಿಇಒ ಆದರು. ಮುಂದಿನ ಲಾಭ ಇಷ್ಟು ಎಂದು ಪೇಟೆಗೆ ಮೊದಲೇ ಮಾತು ಕೊಡುವ ಪದ್ಧತಿಯನ್ನೇ ನಿಲ್ಲಿಸಿದರು. ಷೇರು ಬಿತ್ತು. ಅವರು ಜಗ್ಗಲಿಲ್ಲ. ವ್ಯಾಪಾರ ಎರಡು ಪಟ್ಟಾಗಬೇಕು, ಪರಿಸರದ ಮೇಲಿನ ಹೊರೆ ಅರ್ಧಕ್ಕೆ ಇಳಿಯಬೇಕು ಎಂಬ ಯೋಜನೆಯನ್ನು 2010ರಲ್ಲಿ ಮುಂದಿಟ್ಟರು. ಹತ್ತು ವರ್ಷ ಸಿಇಒ ಆಗಿದ್ದು ಹುದ್ದೆ ಬಿಡುವಾಗ ಷೇರು ಬೆಲೆ ಎರಡು ಪಟ್ಟಿಗೂ ಜಾಸ್ತಿಯಾಗಿತ್ತು. ಎಲ್ಲವೂ ಆ ಯೋಜನೆಯಿಂದಲೇ ಆಯ್ತು ಎನ್ನಲಾಗದು. ಅದು ಲಾಭಕ್ಕೆ ಕಲ್ಲು ಹಾಕಲಿಲ್ಲ ಎಂದಂತೂ ಹೇಳಬಹುದು.

ಅದೇ ದಾರಿ ಹಿಡಿದ, ಮೊಸರು ಮುಂತಾದ ಆಹಾರ ಮಾಡುವ ಫ್ರಾನ್ಸಿನ ಡ್ಯಾನೋನ್ ಕಂಪನಿಯ ಕಥೆ ಬೇರೆ. ಅದರ ಸಿಇಒ ಎಮ್ಯಾನ್ಯುಯೆಲ್ ಫೇಬರ್ ಸಮಾಜ, ಪರಿಸರದ ಗುರಿಗಳನ್ನು ಕಂಪನಿಯ ನಿಯಮಾವಳಿಗೇ ಸೇರಿಸಿದರು. 2020ರ ಜೂನ್‌ನಲ್ಲಿ ಷೇರುದಾರರ ಮತಗಳಲ್ಲಿ ಶೇ 99ರಷ್ಟು ಇದರ ಪರವಾಗಿ ಬಿದ್ದವು. ಷೇರು ಪ್ರತಿಸ್ಪರ್ಧಿಗಳಿಗಿಂತ ಹಿಂದೆ ಬಿದ್ದಾಗ, 2021ರ ಮಾರ್ಚ್‌ನಲ್ಲಿ, ಅವರನ್ನೇ ಇಳಿಸಲಾಯಿತು. ಒಳ್ಳೆಯ ಉದ್ದೇಶ ಇದೆಯೆಂದು ಪೇಟೆ ಬಹಳ ದಿನ ಕಾಯುವುದಿಲ್ಲ.

ನಮಗೆ ಹತ್ತಿರದ್ದು 108 ಆಂಬುಲೆನ್ಸ್. ಐಟಿ ಕಂಪನಿ ಸತ್ಯಂನ ಆಗಿನ ಅಧ್ಯಕ್ಷ ರಾಮಲಿಂಗ ರಾಜು 2005ರಲ್ಲಿ ಹೈದರಾಬಾದಿನಲ್ಲಿ ಕಟ್ಟಿದ ಸಂಸ್ಥೆಯಿಂದಲೇ ಈ ಸೇವೆ ಕರ್ನಾಟಕಕ್ಕೂ ಬಂತು, 2008ರ ನವೆಂಬರ್ 1ರಂದು. (ಲೆಕ್ಕಕ್ಕೆ ಅದು ಸಿಎಸ್‌ಆರ್‌ಗಿಂತ ಕುಟುಂಬದ ದತ್ತಿ.) ಎರಡು ತಿಂಗಳಲ್ಲಿ, 2009ರ ಜನವರಿ 7ರಂದು, ಸತ್ಯಂನ ಲೆಕ್ಕಪತ್ರ ತಿದ್ದಿದ್ದನ್ನು ಅವರೇ ಒಪ್ಪಿಕೊಂಡರು. ಷೇರಿನ ಮುಕ್ಕಾಲು ಬೆಲೆ ಅವತ್ತೇ ಕರಗಿತು. ಆಂಬುಲೆನ್ಸ್ ಉಳಿಸಿದ ಜೀವಗಳು ಸುಳ್ಳಲ್ಲ. ಆದರೆ ಹೊಣೆಗಾರಿಕೆ ಎಂಬ ಪದದೊಳಗೆ ನಿಜವಾದ ಲೆಕ್ಕ ಕೊಡುವುದೂ ಸೇರಿದೆ ಅಲ್ವಾ?

ನಿಮ್ಮ ಬಳಿ ಯಾವುದಾದರೂ ಕಂಪನಿಯ ಷೇರು ಇದ್ದರೆ ಅದರ ವಾರ್ಷಿಕ ವರದಿಯಲ್ಲಿ ಸಿಎಸ್‌ಆರ್ ಅನುಬಂಧ ತೆರೆದು ನೋಡಿ. ಖರ್ಚಾಗದೆ ಉಳಿದದ್ದು ಎಷ್ಟು, ಯಾಕೆ ಉಳಿಯಿತು ಎಂಬುದೂ ಅಲ್ಲಿರುತ್ತದೆ. ಕೊನೆಯಲ್ಲಿ ಸಹಿಗಳಿರುತ್ತವೆ.